ಕೊಡಲೂ ಬಂದ ಪಿಗ್ಮಿಯಕ್ಕ

ಪೇಟೆಯ ದೀಪಗಳು ಇನ್ನೂ ಆರಿಲ್ಲ. ಲಾರಿಯಿಂದ ಇಳಿಯುತ್ತಿರುವ ಟೊಮೆಟೊ ಕ್ರೇಟುಗಳ ನಡುವೆ, ಹೆಗಲ ಚೀಲ ಸರಿಪಡಿಸಿಕೊಳ್ಳುತ್ತಾ ಆಕೆ ನುಸುಳುತ್ತಾರೆ. ಮೀನು ಮಾರುವಾಕೆ ಒದ್ದೆ ಕೈ ಒರೆಸಿಕೊಂಡು ನೋಟೊಂದನ್ನು ಚಾಚುತ್ತಾಳೆ. ಪುಟ್ಟ ಯಂತ್ರ ಕಿರ್ರೆಂದು ರಸೀದಿ ಕಕ್ಕುತ್ತದೆ. ಸಹಕಾರಿ ಸಂಘಕ್ಕಾಗಿ ಅಂಗಡಿ ಅಂಗಡಿಗೂ ಹೋಗಿ ದಿನದ ಉಳಿತಾಯ, ಅಂದರೆ ಪಿಗ್ಮಿ, ಕೂಡಿಸುವ ಇವರು ಇಡೀ ಪೇಟೆಗೆ 'ಪಿಗ್ಮಿಯಕ್ಕ'. ಬಿಸಿಲೇರುವಷ್ಟರಲ್ಲಿ ನೂರಕ್ಕೂ ಹೆಚ್ಚು ಅಂಗಡಿ ಮುಗಿಯಬೇಕು.

ತಾವು ದುಡಿಯುತ್ತಿದ್ದ ಹೊಲಿಗೆ ಕಾರ್ಖಾನೆ ಮುಚ್ಚಿದಾಗ ಹಿಡಿದ ಕೆಲಸವಿದು. ಕಮಿಷನ್ ಅಷ್ಟಕ್ಕಷ್ಟೇ, ಸಾಕಬೇಕಾದ ಮಕ್ಕಳಿಬ್ಬರು. ಊರು ಬೆಳೆದು ಜನರ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಂತೆ ಷೇರಿನ ಮಾತೂ ಪೇಟೆಗೆ ಬಂತು. ಹೊಸ ಫೈನಾನ್ಸ್ ಕಂಪನಿಯೊಂದು ದುಪ್ಪಟ್ಟಿನ ಆಸೆ ತೋರಿಸಿ ಠೇವಣಿ ಎತ್ತಿ, ಅಷ್ಟನ್ನೂ ಷೇರಿಗೆ ಸುರಿಯಿತು.

ಎರಡು ವರ್ಷದ ಹಿಂದೆ ಷೇರುಪೇಟೆ ಕುಸಿದಾಗ ಆ ಕಂಪನಿ ಬಾಗಿಲು ಹಾಕಿತು. ಸಂಘದ ಹಣ ಷೇರಿನಲ್ಲಿರಲಿಲ್ಲ. ಇದೇ ಪೇಟೆಯವರ ತಳ್ಳುಗಾಡಿ, ತಕ್ಕಡಿ, ಐಸ್ ಪೆಟ್ಟಿಗೆಗಳಿಗೆ ಸಾಲವಾಗಿ ಹೋಗಿತ್ತು. ಆದರೆ ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಭಯ. ಸಂಘವೂ ಮುಳುಗುತ್ತದಂತೆ ಎಂಬ ಗುಲ್ಲೆದ್ದಿತು. ಎಲ್ಲರೂ ಒಟ್ಟಿಗೆ ಹಣ ಕೇಳಿದರೆ ಸಾಲಗಳನ್ನೆಲ್ಲ ಹಿಂದಕ್ಕೆಳೆಯಬೇಕು, ಗಾಡಿಗಳು ನಿಂತುಹೋಗುತ್ತವೆ. ದಿಕ್ಕು ತೋಚದ ಮ್ಯಾನೇಜರು ಒಂದು ವಾರ ಬೀಗ ಹಾಕೋಣವೆಂದರು.

"ಬೇಡ ಸಾರ್, ಬಾಗಿಲು ಹಾಕಿದ್ರೆ ಸುಳ್ಳು ಸುದ್ದೀನೂ ನಿಜ ಆಗಿಬಿಡುತ್ತೆ ಅಂದೆ. ಇರೋ ನಗದು ಕೊಡಿ, ಕೇಳಿದವರಿಗೆ ಅವರವರ ಅಂಗಡೀಲೇ ಕೊಟ್ಟು ಬರ್ತೀನಿ ಅಂದೆ," ಎಂದು ನೆನೆಯುತ್ತಾರೆ ಪಿಗ್ಮಿಯಕ್ಕ.

ಒಲ್ಲದ ಮನಸ್ಸಿನಿಂದ ಒಪ್ಪಿದ ಮ್ಯಾನೇಜರು ಜೊತೆಗೇ ಹೊರಟರು. ಮೊದಲು ಕೈ ಚಾಚಿದವರು ಪಿಗ್ಮಿಯಕ್ಕನ ಹೆತ್ತಮ್ಮ, ಪೇಟೆಯ ಮೂಲೆಯಲ್ಲಿ ಹೂ ಮಾರುವವರು. "ಮಗಳು ಮಗಳೇ, ದುಡ್ಡು ದುಡ್ಡೇ ಅಂದ್ಲು ನಮ್ಮಮ್ಮ," ಎಂದು ನಗುತ್ತಾರೆ. ಆ ತಾಯಿಗೂ ಎಲ್ಲರೆದುರು ಎಣಿಸಿಕೊಟ್ಟರು. ಕೇಳಿದರೆ ಸಿಗುತ್ತದೆ ಎಂದು ಕಣ್ಣಾರೆ ಕಂಡ ಮೇಲೆ ಕೇಳುವವರೇ ಕಡಿಮೆಯಾದರು. ವಾರ ಕಳೆಯುವ ಮೊದಲೇ ಮೀನಿನಾಕೆ ತನ್ನ ಗಂಟನ್ನು ಹಿಂದಕ್ಕೆ ತಂದಳು: ಮನೆಯಲ್ಲಿಟ್ಟುಕೊಂಡು ನಿದ್ದೆಯೇ ಹತ್ತಲಿಲ್ಲವಂತೆ. ಹೆತ್ತಮ್ಮನಿಗೆ ಮಾತ್ರ ಮನಸ್ಸು ಬರಲು ತಿಂಗಳೇ ಬೇಕಾಯಿತು.

ಈಗ ಸಂಘ ಠೇವಣಿಯ ಒಂದು ಪಾಲನ್ನು ಯಾರಿಗೂ ಸಾಲ ಕೊಡದೆ, ಕೇಳಿದವರಿಗೆ ಕೊಡಲೆಂದು ತೆಗೆದಿಡುತ್ತದೆ. ಪೇಟೆಯಲ್ಲಿ ಷೇರು ಕೊಳ್ಳುವವರೂ ಇದ್ದಾರೆ. ಪಿಗ್ಮಿಯಕ್ಕನಿಗೆ ಅದರ ಮೇಲೆ ಸಿಟ್ಟಿಲ್ಲ. "ಏರೋದು, ಇಳಿಯೋದು ಅದರ ಗುಣ. ನಾಳೆ ಒಲೆ ಹಚ್ಚೋ ದುಡ್ಡನ್ನ ಅಲ್ಲಿಡಬಾರ್ದು, ಅಷ್ಟೆ."

ಅಂದಿನಿಂದ ಜ್ವರ ಬಂದರೂ ಅವರು ರಜೆ ಹಾಕಿಲ್ಲ. ತಾನು ಕಾಣದಿದ್ದರೆ ಜನ ಮತ್ತೆ ಗಾಬರಿಯಾದಾರೆಂಬ ಅಳುಕು. ಇರುವ ಆಸೆಯೂ ಒಂದೇ.

"ಒಂದಿನ ನಾನು ಮನೇಲೇ ಮಲಗಿರ್ಬೇಕು. ಯಾರೂ ಹೆದರಬಾರ್ದು. ಪಾಪ, ಅಕ್ಕನಿಗೆ ಸುಸ್ತಾಗಿರಬೇಕು ಅಂದ್ಕೊಂಡು ಅವರ ಪಾಡಿಗೆ ವ್ಯಾಪಾರ ಮಾಡ್ತಿರ್ಬೇಕು."