ಹಗಲೂ ಉಸಿರಾಡುವ ಭತ್ತ

ವಿಡಿಯೋ ಗೇಮುಗಳ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಯಲಬುರ್ಗಾದ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಹೇಳುತ್ತಿದ್ದೇನೆ. ನಾನು ಬೋರ್ಡಿನ ಮೇಲೆ ಬೆವರು ಸುರಿಸಿ ಬರೆದ ಜೀವಕೋಶಕ್ಕಿಂತ ಮೊಬೈಲಿನಲ್ಲಿ ಓಡುವ ಗೊಂಬೆಯೊಂದು ಮಕ್ಕಳಿಗೆ ಹೆಚ್ಚಾಯಿತಲ್ಲ ಎಂಬ ಹೊಟ್ಟೆಕಿಚ್ಚೂ ಆ ಸಿಟ್ಟಿನಲ್ಲಿ ಸೇರಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಅಂಥ ನನಗೆ ಒಂದು ದಿನ ನಸ್ರೀನ್ ಫೋನ್ ಮಾಡಿದಳು. ನಮ್ಮೂರಿನ ಗಾದಿ ಅಂಗಡಿಯವರ ಮಗಳು, ಎಂಟು ವರ್ಷದ ಹಿಂದೆ ನನ್ನ ವಿದ್ಯಾರ್ಥಿನಿ, ಈಗ ಗಂಗಾವತಿಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅಲ್ಲಿನ ಕಾಲೇಜೊಂದರಲ್ಲಿ ಶನಿವಾರ, ರವಿವಾರ ‘ಗೇಮ್ ಜಾಮ್’ ಇದೆಯಂತೆ. ಎರಡೇ ದಿನದಲ್ಲಿ ಒಂದು ಹೊಸ ಗೇಮನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ಮುಗಿಸಬೇಕು. ಈ ಸಲ ಅದು ವಿಜ್ಞಾನ ಕಲಿಸುವಂಥದ್ದೇ ಆಗಬೇಕು.

“ಕಂಪ್ಯೂಟರ್ ಕೆಲಸ ನಾ ಮಾಡ್ತೀನ್ರಿ ಟೀಚರ್. ವಿಜ್ಞಾನ ಹೇಳವ್ರು ಒಬ್ಬರು ಬೇಕು. ನೀವ ಬರ್ರಿ” ಎಂದಳು.

ನನ್ನ ಯಜಮಾನರಿಗೆ ಹೇಳಿದರೆ, “ಜಾಮ್ ಮಾಡಾಕ ಗಂಗಾವತಿ ತನಕ ಯಾಕ ಹೋಗ್ತಿ? ಪ್ಯಾರಲ ಹಣ್ಣು ನಾನ ತಂದು ಕೊಡ್ತೀನಿ” ಎಂದರು. ನನಗೂ ಆತನಕ ಗೊತ್ತಿದ್ದದ್ದು ಎರಡೇ ಜಾಮ್: ಒಂದು ಬ್ರೆಡ್ಡಿಗೆ ಹಚ್ಚುವುದು, ಇನ್ನೊಂದು ಸುಗ್ಗಿಯಲ್ಲಿ ಅಕ್ಕಿ ಗಿರಣಿಗಳ ಮುಂದೆ ಲಾರಿಗಳು ಸಾಲುಗಟ್ಟಿದಾಗ ಆಗುವುದು. ಮೂರನೆಯದನ್ನು ನೋಡಿಯೇ ಬರೋಣವೆಂದು ಶನಿವಾರ ಮುಂಜಾನೆ ಬಸ್ಸು ಹತ್ತಿದೆ.

ನಮ್ಮ ತಂಡ ಮೂರು ಜನರದು. ನಸ್ರೀನ್, ನಾನು, ಮತ್ತು ಚಿತ್ರ ಬರೆಯಲು ಅಳವಂಡಿಯ ವೀರೇಶ. ಅಂಗಡಿಗಳ ಬೋರ್ಡು ಬರೆಯುವ ಆತನಿಗೆ ಮಾತು ಕಡಿಮೆ, ಕೈ ಚುರುಕು. ಏನು ಮಾಡೋಣ ಎಂದಾಗ ನಾನು ಕಿಟಕಿಯಾಚೆ ನೀರು ನಿಂತಿದ್ದ ಭತ್ತದ ಗದ್ದೆ ತೋರಿಸಿದೆ. ಜೋಳವನ್ನು ಹೀಗೆ ವಾರಗಟ್ಟಲೆ ನೀರಿನಲ್ಲಿ ನಿಲ್ಲಿಸಿದರೆ ಬೇರು ಉಸಿರುಗಟ್ಟಿ ಸಾಯುತ್ತದೆ. ಭತ್ತ ಸಾಯುವುದಿಲ್ಲ, ಏಕೆಂದರೆ ಅದರ ಕಾಂಡದೊಳಗೆ ಎಲೆಯಿಂದ ಬೇರಿನವರೆಗೆ ಗಾಳಿ ಇಳಿಯುವ ಸಣ್ಣ ಸಣ್ಣ ಕೊಳವೆಗಳಿವೆ. ಆಡುವವರು ಎಲೆಯ ಗಾಳಿಯನ್ನು ಬೇರಿಗೆ ಮುಟ್ಟಿಸುತ್ತ ಸಸಿಯನ್ನು ಬದುಕಿಸಬೇಕು. ಅದೇ ನಮ್ಮ ಗೇಮು.

ಆಟ ಶುರುವಾಗುವ ಮೊದಲು ಎಲ್ಲರೂ ಓದಲಿ ಎಂದು ಹದಿನಾಲ್ಕು ಸಾಲಿನ ಪೀಠಿಕೆಯನ್ನೂ ಬರೆದುಕೊಟ್ಟೆ. ನಸ್ರೀನ್ ಅದನ್ನು ಗೌರವದಿಂದಲೇ ಓದಿದಳು. “ಭಾಳ ಛಲೋ ಐತ್ರಿ ಟೀಚರ್” ಎಂದು ಹೇಳಿ ಅಳಿಸಿಬಿಟ್ಟಳು.

ಕಂಪ್ಯೂಟರಿಗೆ ಕಲಿಸುವುದು ಮಕ್ಕಳಿಗೆ ಕಲಿಸಿದಂತಲ್ಲ ಎಂಬುದು ನನಗೆ ಅಂದು ತಿಳಿಯಿತು. ಮಕ್ಕಳು ಅರ್ಥವಾಗದಿದ್ದರೂ ದಾಕ್ಷಿಣ್ಯಕ್ಕೆ ತಲೆಯಾಡಿಸುತ್ತಾರೆ. ಈ ಯಂತ್ರಕ್ಕೆ ದಾಕ್ಷಿಣ್ಯವೆಂಬುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿ, ನೀನು ಹೇಳಿದ್ದು ಇದು ನೋಡು ಎಂದು ಮುಂದಿಡುತ್ತದೆ. “ಹಗಲು ಎಲೆ ಆಹಾರ ಮಾಡ್ತೈತಿ, ರಾತ್ರಿ ಗಿಡ ಉಸಿರಾಡ್ತೈತಿ” ಎಂದು ನಾನು ಹೇಳಿದೆ. ನಸ್ರೀನ್ ಒಂದು ಗಳಿಗೆ ನನ್ನ ಮುಖ ನೋಡಿ, ಹಾಗೆಯೇ ಬರೆದಳು. ಆಟ ಚಾಲೂ ಆಯಿತು. ಪರದೆಯ ಮೇಲೆ ಸೂರ್ಯ ಮೂಡಿದ. ಸಸಿ ಬೆಳೆಯಿತು, ಬೆಳೆಯಿತು, ಮಧ್ಯಾಹ್ನವಾಗುವಷ್ಟರಲ್ಲಿ ಪರದೆ ದಾಟಿ ಹೋಯಿತು.

“ಇದೇನು ಭತ್ತಾನೋ, ತೆಂಗಿನ ಗಿಡಾನೋ?” ಎಂದ ವೀರೇಶ. ಅವತ್ತು ಆತ ಆಡಿದ ಮೊದಲ ಮಾತು ಅದು.

“ಆಹಾರ ಮಾಡಕೋತ ಹೊಂಟೈತ್ರಿ, ಹಗಲೊತ್ತು ಒಂಚೂರೂ ಖರ್ಚ ಮಾಡವಲ್ದು” ಎಂದಳು ನಸ್ರೀನ್. “ಉಸಿರಾಡಿದ್ರ ಅಲ್ರಿ ಆಹಾರ ಖರ್ಚ ಆಗೂದು. ಹಗಲೂ ಉಸಿರಾಡ್ತೈತಿ ಅಂತ ಬರೀಲೇನ್ರಿ?”

“ಇಲ್ಲವಾ, ರಾತ್ರಿ ಅಷ್ಟ” ಎಂದೆ, ಇಪ್ಪತ್ತೆರಡು ವರ್ಷದ ಧೈರ್ಯದಿಂದ.

ಅವಳು ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದಳು: “ಒಂಬತ್ತನೇ ಕ್ಲಾಸಿನ್ಯಾಗ ನಾ ಇದನ್ನ ಕೇಳಿದ್ನಿರಿ. ನಾವು ಉಣ್ಣುವಾಗೂ ಉಸಿರಾಡ್ತೀವಲ್ರಿ, ಗಿಡಾನೂ ಹಂಗ ಮಾಡಬೇಕಲ್ರಿ ಅಂತ. ನೀವು, ‘ಹಂಗಾರ ನೀನೂ ಒಂದು ಗಿಡಾನ ಬಿಡವಾ’ ಅಂದ್ರಿ. ಎಲ್ಲಾರೂ ನಕ್ರು. ಆ ವರ್ಷ ಪೂರ್ತಿ ನನ್ನ ಹೆಸರ ಗಿಡ ಆತ್ರಿ.”

ನನಗೆ ನೆನಪೇ ಇರಲಿಲ್ಲ. ಅವಳಿಗೆ ಒಂದು ವರ್ಷ ಅಂಟಿಕೊಂಡದ್ದು ನನ್ನಲ್ಲಿ ಒಂದು ದಿನವೂ ಉಳಿದಿರಲಿಲ್ಲ. ನೀರು ಕುಡಿಯುವ ನೆವದಲ್ಲಿ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ.

ಬಿ.ಎಸ್ಸಿ.ಯಲ್ಲಿ ಓದಿದ್ದು ಒಂದೊಂದಾಗಿ ಮೇಲೆ ಬಂತು. ಗಿಡ ಹಗಲೂ ರಾತ್ರಿ ಉಸಿರಾಡುತ್ತದೆ. ಹಗಲಿನಲ್ಲಿ ಎಲೆ ಹೊರಬಿಡುವ ಆಮ್ಲಜನಕವೇ ಹೆಚ್ಚಾಗಿರುವುದರಿಂದ ಉಸಿರಾಟ ನಮಗೆ ಕಾಣುವುದಿಲ್ಲ, ಅಷ್ಟೇ. ಇದು ನನಗೆ ಗೊತ್ತಿತ್ತು. ಆದರೆ ಮಕ್ಕಳಿಗೆ ಸುಲಭವಾಗಲೆಂದು ‘ಹಗಲು ಆಹಾರ, ರಾತ್ರಿ ಉಸಿರು’ ಎಂಬ ಮಾತು ಕಟ್ಟಿದ್ದೆ. ವರ್ಷ ವರ್ಷವೂ ಹೇಳಿ ಹೇಳಿ, ಮಾತು ಉಳಿದು ತಿಳಿವಳಿಕೆ ಹೋಗಿತ್ತು. ನಮ್ಮಜ್ಜಿ ರಾತ್ರಿ ಹುಣಸೆ ಮರದ ಕೆಳಗೆ ಮಲಗಬೇಡ, ದೆವ್ವ ಇದೆ ಎನ್ನುತ್ತಿದ್ದಳು. ನಾನು ಶಾಲೆಯಲ್ಲಿ ಆ ದೆವ್ವವನ್ನು ಓಡಿಸಿ, ಅದರ ಜಾಗದಲ್ಲಿ ಇಂಗಾಲದ ಡೈಆಕ್ಸೈಡನ್ನು ಕೂರಿಸಿದ್ದೆ. ಹೆದರಿಸುವ ಕೆಲಸ ಮಾತ್ರ ಹಾಗೇ ನಡೆದಿತ್ತು. ಅಜ್ಜಿಯನ್ನು ಯಾರಾದರೂ ಪ್ರಶ್ನಿಸಿದರೆ ಆಕೆ ಬೈಯುತ್ತಿದ್ದಳು, ನನ್ನನ್ನು ಪ್ರಶ್ನಿಸಿದರೆ ನಾನು ತರಗತಿಯನ್ನೇ ನಗಿಸುತ್ತಿದ್ದೆ. ಎರಡರಲ್ಲಿ ಯಾವುದು ಕೆಟ್ಟದ್ದೆಂದು ಕೇಳಿದರೆ, ಬೈಗುಳವೇ ವಾಸಿ ಎನ್ನುತ್ತೇನೆ.

ಒಳಗೆ ಹೋಗಿ, “ನೀ ಅವತ್ತು ಕೇಳಿದ್ದ ಖರೆ ಇತ್ತು ನಸ್ರೀನ್. ತಪ್ಪು ನಂದವಾ” ಎಂದೆ. ಟೀಚರುಗಳ ಗಂಟಲು ಈ ವಾಕ್ಯಕ್ಕೆ ತಯಾರಾಗಿರುವುದಿಲ್ಲ. ಎರಡು ಸಲ ಕೆಮ್ಮಬೇಕಾಯಿತು.

“ನನಗ ಗೊತ್ತೈತ್ರಿ” ಎಂದು ನಕ್ಕಳು. “ಪಿಯುಸಿಯಾಗ ಓದಿದ್ನಲ್ರಿ.”

“ಮತ್ತ ಆಗ್ಲೇ ಯಾಕ ಹೇಳಲಿಲ್ಲ? ನನ್ನ ಯಾಕ ಕರದಿ?”

“ನಿಮಗ ಹೆಂಗ ಎದುರು ಹೇಳ್ಲಿರಿ? ನಗಸಿದವ್ರು ನೀವು ಖರೆ. ಆದ್ರ ಮೈಕ್ರೋಸ್ಕೋಪಿನ್ಯಾಗ ಉಳ್ಳಾಗಡ್ಡಿ ಸಿಪ್ಪಿ ತೋರಿಸಿದವ್ರೂ ನೀವ ಅಲ್ರಿ. ಅವತ್ತು ನಾ ಮನಿಗಿ ಹೋಗಿ ಉಣ್ಣಲಿಲ್ಲ, ಅದನ್ನ ನೆನಸಕೋತ ಕುಂತಿದ್ನಿ.”

ಉಸಿರಾಟದ ಆ ಒಂದು ಸಾಲನ್ನು ರಾತ್ರಿಯ ಭಾಗದಿಂದ ತೆಗೆದು, ಹಗಲು ರಾತ್ರಿ ಎರಡಕ್ಕೂ ಸಲ್ಲುವ ಜಾಗದಲ್ಲಿ ಇಟ್ಟಳು. ಭತ್ತ ಭತ್ತದಷ್ಟೇ ಬೆಳೆಯಿತು.

ರವಿವಾರ ಸಂಜೆ ಗೇಮುಗಳನ್ನು ತೋರಿಸುವಾಗ ತೀರ್ಪುಗಾರರೊಬ್ಬರು, “ಇದು ಎಷ್ಟನೇ ತರಗತಿಯವರಿಗೆ?” ಎಂದು ಕೇಳಿದರು. ಫಾರ್ಮಿನಲ್ಲಿ ಒಂಬತ್ತು ಎಂದು ತುಂಬಿದ್ದೆವು. ಆದರೆ ಮೈಕು ನನ್ನ ಕೈಯಲ್ಲಿತ್ತು. “ಮೊದಲು ಅವರ ಟೀಚರಿಗೆ” ಎಂದು, ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಜನ ನಕ್ಕರು, ಈ ಸಲ ನಗೆ ಸರಿಯಾದ ವಿಳಾಸಕ್ಕೇ ಬಂದಿತ್ತು. ನಸ್ರೀನ್ ಮಾತ್ರ ನಗಲಿಲ್ಲ, ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. ಬಹುಮಾನ ಕುಷ್ಟಗಿಯ ತಂಡಕ್ಕೆ ಹೋಯಿತು. ಅವರ ಗೇಮನ್ನು ನಾನೂ ಆಡಿದೆ, ಚೆನ್ನಾಗಿತ್ತು.

ಸೋಮವಾರ ಒಂಬತ್ತನೇ ತರಗತಿಗೆ ಹೋಗಿ, ಗಿಡದ ಉಸಿರಾಟದ ಬಗ್ಗೆ ನಾನು ಹೇಳಿದ್ದು ತಪ್ಪು ಎಂದು ಹೇಳಿ ಸರಿಯಾದದ್ದನ್ನು ಬರೆಸಿದೆ. ಆಮೇಲೆ ಹಿಂದಿನ ಬೆಂಚಿನಿಂದ ಒಂದು ಹುಡುಗಿ, “ಮತ್ತ ಬ್ಯಾರೆ ಏನೇನು ತಪ್ಪು ಹೇಳೀರಿ ಟೀಚರ್?” ಎಂದಳು.

“ನನಗೂ ಗೊತ್ತಿಲ್ಲವಾ. ಹುಡುಕ್ರಿ ನೋಡೂಣು” ಎಂದೆ.

ಅದುವರೆಗೆ ಎಳೆದರೂ ತೆರೆಯದಿದ್ದ ಪಠ್ಯಪುಸ್ತಕಗಳು ತಾವಾಗಿ ತೆರೆದುಕೊಂಡವು. ಪಿರಿಯಡ್ ಮುಗಿಯುವಷ್ಟರಲ್ಲಿ ಎರಡು ತಪ್ಪು ಹಿಡಿದರು. ಅದರಲ್ಲೊಂದನ್ನು ಕೂಡಿ ಪರೀಕ್ಷಿಸಿದಾಗ ನಾನು ಹೇಳಿದ್ದೇ ಸರಿ ಎಂದು ಗೊತ್ತಾಯಿತು. ಆಗ ಅವರ ಮುಖದ ಮೇಲೆ ಮೂಡಿತಲ್ಲ ನಿರಾಶೆ, ಅಷ್ಟು ಖುಷಿ ಕೊಟ್ಟ ನಿರಾಶೆಯನ್ನು ನಾನು ಯಾವ ತರಗತಿಯಲ್ಲೂ ಕಂಡಿರಲಿಲ್ಲ.