'ಇದು ಬೇಕು' ಎಂದಷ್ಟೇ ಹೇಳುವ ಭಾಷೆ

ಎಳ್ಳಮಾವಾಸ್ಯೆಯ ಹಿಂದಿನ ದಿನ ಶಹಾಬಾದಿನ ನಮ್ಮ ಅಡುಗೆಮನೆಯಲ್ಲಿ ನೆಲವೇ ಕಾಣುವುದಿಲ್ಲ. ಹಾಸುಗಲ್ಲಿನ ಮೇಲೆಲ್ಲ ಮೆಂತ್ಯ, ಹಸಿಕಡಲೆ, ಗಜ್ಜರಿ, ಬಾರೆಹಣ್ಣು. ಹೊಲದಲ್ಲಿ ಆ ಹೊತ್ತಿಗೆ ಏನಿದೆಯೋ ಅದನ್ನೆಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸುವ ಭಜ್ಜಿಯ ತಯಾರಿ ಅದು. ಈ ವರ್ಷ ಅಂದು ಬೆಳಿಗ್ಗೆ ಮುಧೋಳದಿಂದ ದೊಡ್ಡಮ್ಮ ಅಮ್ಮನಿಗೆ ಫೋನು ಮಾಡಿದ್ದಳು.

"ಈ ಸಲ ಅವರಿಕಾಯಿ ಸಿಗಲಿಲ್ಲವ್ವ, ಏನ್ ಮಾಡ್ಲಿ?"

"ಇಲ್ಲಂದ್ರ ಬಿಡಕ್ಕ," ಎಂದಳು ಅಮ್ಮ. "ಹೋದ ವರ್ಷ ಹುಳಿ ಪುಂಡಿಪಲ್ಲೆ ಸುರುವಿ ಎಲ್ಲಾರ ಹಲ್ಲು ಜುಂ ಅನಿಸಿದ್ದಿ. ಅದಕ್ಕಿಂತ ಇದು ಚೊಲೊ."

ಹೋದ ವರ್ಷದ ರುಚಿಯೇ ಬೇಕೆಂದು ಭಜ್ಜಿಯ ಮುಂದೆ ಯಾರೂ ಹಟ ಹಿಡಿಯುವುದಿಲ್ಲ. ನನ್ನ ಕೆಲಸದಲ್ಲಿ, ಓದುಗ ಮಿತ್ರರೇ, ಆ ಹಟವೇ ಎಲ್ಲ. ಒಂದು ತಂತ್ರಾಂಶ ಕಟ್ಟಲು ಬೇರೆಯವರು ಬರೆದ ಯಾವ ಪ್ಯಾಕೇಜು ಬೇಕು, ಯಾವ ಆವೃತ್ತಿಯದು, ಯಾವುದರ ನಂತರ ಯಾವುದನ್ನು ಜೋಡಿಸಬೇಕು ಎಂದು ಕಂಪ್ಯೂಟರಿಗೆ ಹೇಳುವ ಪುಟ್ಟ ಭಾಷೆಯೊಂದನ್ನು ನಾನು ರೂಪಿಸಿದ್ದೆ. ಅದರಲ್ಲಿ 'ಇದು ಬೇಕು' ಎನ್ನಬಹುದು. 'ಇದಿಲ್ಲದಿದ್ದರೆ ಅದು' ಎನ್ನಲಾಗದು. ಬೇಕೆಂದೇ ಹಾಗೆ ಮಾಡಿದ್ದೆ. ನಡೆಸಿ ನೋಡದೆ, ಬರಿದೆ ಓದಿಯೇ ಎಲ್ಲ ತಿಳಿಯಬೇಕು. ಇಂದು ಕಟ್ಟಿದ್ದು ನಾಳೆಯೂ ಹಾಗೆಯೇ ಕಟ್ಟಿಕೊಳ್ಳಬೇಕು. ಏನನ್ನು ಕೊಡಬೇಕು ಎನ್ನುವುದಕ್ಕಿಂತ ಏನನ್ನು ಕೊಡಬಾರದು ಎನ್ನುವುದಕ್ಕೇ ಹೆಚ್ಚು ಯೋಚನೆ ಬೇಕಾಗುತ್ತದೆ. ಆದರೆ ಇಲ್ಲದ್ದನ್ನು ಯಾರು ಮೆಚ್ಚುತ್ತಾರೆ?

ಆ ಭಾಷೆ ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸಲು ಅಂದು ಮಧ್ಯಾಹ್ನ ತಂಡದ ಸಭೆಯಿತ್ತು. ಸೇಡಂನಿಂದ ಕೆಲಸ ಮಾಡುವ ರೇವಣಸಿದ್ಧ ಪರದೆಯ ಮೇಲೆ ಬಂದ.

"ಮೇಡಂ, ನಿಮ್ಮ ಭಾಷಾ ಭಾಳ ಮಡಿ ಅದರಿ. 'ಇದ್ರ ಇದು, ಇಲ್ಲಂದ್ರ ಅದು' ಅಂತ ಒಂದು ಷರತ್ತು ಹಾಕಾಕೂ ಬಿಡಂಗಿಲ್ಲ."

"ಒಂದು ಬಿಟ್ರ ನಾಳೆ ಹತ್ತು ಹಾಕ್ತೀರಿ."

"ಹಾಕ್ತೀವ್ರಿ. ಕೆಲಸ ಮುಗೀಬೇಕಲ್ಲ."

ಎಲ್ಲರೂ ನಕ್ಕರು, ನಾನೂ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಒಂದೊಂದು ಬಗೆಯ ಯಂತ್ರಕ್ಕೂ ಅವೇ ಸಾಲುಗಳನ್ನು ಮತ್ತೆ ಮತ್ತೆ ನಕಲು ಮಾಡಿ ಅವನು ಬೇಸತ್ತಿದ್ದ. ಇಂಥ ಭಾಷೆಗಳ ಗತಿಯೂ ನನಗೆ ಗೊತ್ತಿತ್ತು: ಮೊದಲಿಗೆ ಒಂದು ಷರತ್ತು, ಆಮೇಲೆ ಇನ್ನೊಂದು ಸವಲತ್ತು, ಕೊನೆಗೆ ಅರೆಬೆಂದ ಪ್ರೋಗ್ರಾಮಿಂಗ್ ಭಾಷೆ. ನನ್ನ ಭಾಷೆ ಹಾಗಾಗುವುದಕ್ಕಿಂತ ಇಲ್ಲವಾಗುವುದೇ ಲೇಸೆನಿಸಿತು. ಎಲ್ಲರಿಗೂ ಗೊತ್ತಿರುವ ಪೂರ್ಣ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಬರೆಯೋಣ ಎಂದು ತಂಡದವರು ಹೇಳಿದಾಗ ಒಪ್ಪಿಕೊಂಡೆ.

ಹಳೆಯ ಫೈಲುಗಳನ್ನು ಹೊಸ ಭಾಷೆಗೆ ತರುವ ಕೆಲಸ ನನಗೇ ಬಂತು. ಏನು ಬೇಕಾದರೂ ಹೇಳಬಹುದಾದ ಆ ಭಾಷೆಯಲ್ಲಿ, ಸಂಜೆ ಕುಳಿತು, ಒಂದೂ ಷರತ್ತಿಲ್ಲದೆ ಬೇಕಾದುದನ್ನಷ್ಟೇ ಸಾಲಾಗಿ ಬರೆದು ರೇವಣಸಿದ್ಧನಿಗೆ ಪರಿಶೀಲನೆಗೆ ಕಳಿಸಿದೆ.

"ಓದಿದ ಕೂಡ್ಲೆ ತಿಳೀತದ ಮೇಡಂ," ಎಂದು ಬರೆದ. "ಇದ್ರಾಗ ನಾ ಕೈ ಹಾಕಂಗಿಲ್ಲ. ಸದ್ಯಕ್ಕ."

ಸದ್ಯಕ್ಕೆ ಅಷ್ಟು ಸಾಕೆಂದುಕೊಂಡು ಆ ಫೈಲುಗಳನ್ನು ತಂಡದ ಕೋಡಿಗೆ ಸೇರಿಸುವ ಬಟನ್ ಒತ್ತಿದೆ.