ನಮ್ಮ ಮೂಗಿನ ಮೇಷ್ಟ್ರು
ಇನ್ನೊಂದು ಗ್ರಹಕ್ಕೆ ಹೊರಟಿರುವ ನಮ್ಮ ನಾಲ್ವರ ನೌಕೆಗೆ ಒಂದು ಗುಂಡುಸೂಜಿ ಹತ್ತಬೇಕಾದರೂ ಮೊದಲು ಮೂಗಿನ ಮೇಷ್ಟ್ರು ಅದನ್ನು ಮೂಸಿ ಪಾಸು ಮಾಡಬೇಕು. ಕಾಲುಚೀಲ, ಟೇಪು, ಸ್ಕ್ರೂಡ್ರೈವರಿನ ಹಿಡಿ, ಯಾವುದಕ್ಕೂ ವಿನಾಯಿತಿಯಿಲ್ಲ. ಯಾಕೆಂದು ಕೇಳಿದರೆ ಒಂದೇ ಮಾತು: "ಅಲ್ಲಿ ಕಿಟಕಿ ತೆಗೆಯೋಕಾಗಲ್ಲ ಕಣಪ್ಪಾ." ಮುಚ್ಚಿದ ನೌಕೆಯಲ್ಲಿ ಒಂದಿಷ್ಟು ಅಂಟಿನ ಘಾಟು ಸಾಕು, ನಾಲ್ವರಿಗೂ ತಲೆ ಸುತ್ತಲು. ಆ ಮೂಗನ್ನು ಕಾಪಾಡಲು ಮೇಷ್ಟ್ರು ಈರುಳ್ಳಿ ಬಿಟ್ಟರು, ಕಾಫಿ ಬಿಟ್ಟರು. ಊಟಕ್ಕೆ ಒಬ್ಬರೇ ದೂರದ ಮೂಲೆಯಲ್ಲಿ ಕೂರುತ್ತಾರೆ. ನೆಗಡಿಯಾದವರು ಮೆಟ್ಟಿಲಲ್ಲಿ ಎದುರಾದರೆ ಮೇಷ್ಟ್ರು ಬಂದ ದಾರಿಯಲ್ಲೇ ವಾಪಸು. ಹೆಂಡತಿ ಸೋಪು ಬದಲಾಯಿಸಿದ ವಾರವಂತೂ ಇವರ ಹಾಸಿಗೆ ವರಾಂಡಕ್ಕೆ ಬಂದಿತ್ತಂತೆ. ನನ್ನ ಶೂಗಳನ್ನು ಮೂರನೇ ಸಲ ವಾಪಸು ಕಳಿಸಿದಾಗ ನನಗೆ ಮೈಯೆಲ್ಲ ಉರಿದದ್ದು ನಿಜ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಕಳೆದ ವಾರ, ಹೇಗೂ ಬೇಡವೆನ್ನುತ್ತಾರೆ ಅಂದುಕೊಂಡೇ, ನನ್ನ ಮಗಳ ಒಗೆಯದ ಕುಲಾವಿಯನ್ನು ಅವರ ಮೇಜಿನ ಮೇಲಿಟ್ಟೆ. ಮೇಷ್ಟ್ರು ಕಣ್ಣು ಮುಚ್ಚಿ, ಎಂದಿಗಿಂತ ಹೆಚ್ಚು ಹೊತ್ತು ಮೂಸಿದರು. "ಇದು ಹೀಗೇ ಹೋಗೋ ಹಾಗಿಲ್ಲ" ಎಂದು ಎದ್ದರು. ಒಳಗಿನಿಂದ ಪುಟ್ಟದೊಂದು ಸ್ಟೀಲ್ ಡಬ್ಬಿ ತಂದು, ಕುಲಾವಿಯನ್ನು ಮಡಿಸಿ ಹಾಕಿ, ಮುಚ್ಚಳ ತಿರುಗಿಸಿ ಬಿಗಿದರು. ಡಬ್ಬಿಯ ಸುತ್ತಲೂ ಮೂಸಿ ನೋಡಿ ನನ್ನ ಕೈಗಿಟ್ಟರು. "ಹೊರಗಿಟ್ರೆ ವಾರದಲ್ಲಿ ಹಾರಿಹೋಗತ್ತೆ. ತಿಂಗಳಿಗೊಂದ್ಸಲ ಮುಚ್ಚಳ ತೆಗಿ, ಒಂದೇ ಉಸಿರು ತಗೊಂಡು ಮುಚ್ಚಿಬಿಡು. ನೀನು ವಾಪಸ್ ಬರೋ ತನಕ, ಮೂರು ವರ್ಷ, ಮಗು ವಾಸನೆ ಬರಬೇಕಲ್ವೇನಪ್ಪಾ?"